ಬೆಲ್ಲದ ಪೆಂಟಿ

ಚಿಕ್ಕೋಡಿಯಲ್ಲಿ ವಕೀಲರೊಬ್ಬರ ಗುಮಾಸ್ತನಾಗಿ ನಾನು ಸೇರಿದ್ದು 1984ರಲ್ಲಿ. ಆಗ ನಿಪ್ಪಾಣಿಯೂ ಇದೇ ತಾಲ್ಲೂಕಿನ ಊರು. ಕೃಷ್ಣಾ ದಂಡೆಯ ಹೊಲಗಳ ವಾಟ್ನಿ, ಅಂದರೆ ಪಾಲಿನ ದಾವೆಗಳೇ ಹೆಚ್ಚು. ಹಳೆಯ ಕಾಗದಗಳು ಮರಾಠಿಯಲ್ಲಿ, ಕೆಲವು ಮೋಡಿ ಲಿಪಿಯಲ್ಲಿ.

ಆಗ ಇದ್ದ ನ್ಯಾಯಾಧೀಶರೊಬ್ಬರು ಮದುವೆಯ ಪತ್ರಿಕೆ ಕೊಟ್ಟರೆ ಕೈಮುಗಿದು ತೆಗೆದುಕೊಳ್ಳುತ್ತಿದ್ದರು, ಮದುವೆಗೆ ಹೋಗುತ್ತಿರಲಿಲ್ಲ. ಸಂಜೆ ಒಬ್ಬರೇ ತಿರುಗಾಡಿ ಬರುತ್ತಿದ್ದರು. ಒಂದು ರಾತ್ರಿ ಅಂಕಲಿ ಕಡೆಯ ಪಕ್ಷಕಾರನೊಬ್ಬ ಅವರ ಮನೆಯ ಕಟ್ಟೆಯ ಮೇಲೆ ಬೆಲ್ಲದ ಪೆಂಟಿ ಇಟ್ಟುಹೋದ. ಬೆಳಿಗ್ಗೆ ಅದು ಪಟ್ಟೇವಾಲನ ಸೈಕಲ್ ಏರಿ ಅವನ ಊರಿಗೇ ಹಿಂದಿರುಗಿತು. ದಾವೆಯ ಹೆಸರು ಕೂಗಿದಾಗ ಸಾಹೇಬರು ಇಬ್ಬರೂ ವಕೀಲರನ್ನು ನೋಡಿ, “ನನ್ನ ಮನಿಗೆ ಬೆಲ್ಲ ಬಂದಿತ್ತು, ವಾಪಸ್ ಕಳಿಸೇನಿ. ನಾನು ಈ ದಾವೆ ನಡೆಸೂದಕ್ಕ ಯಾರದರೆ ತಕರಾರು ಇದ್ದರ ಈಗ ಹೇಳ್ರಿ” ಎಂದರು. ಯಾರೂ ತಕರಾರು ಎತ್ತಲಿಲ್ಲ. ಮುಂದೆ ಕಾಗದಪತ್ರದ ಬಲದಿಂದ ಬೆಲ್ಲ ತಂದವನೇ ಗೆದ್ದ. ಸೋತವರು ಅಪೀಲಿಗೆ ಹೋದರೇ ಹೊರತು ಸಾಹೇಬರ ಮೇಲೆ ಒಂದು ಮಾತೂ ಆಡಲಿಲ್ಲ. ನ್ಯಾಯಾಧೀಶರ ನಡತೆಯ ಬಗ್ಗೆ ನಾನು ಕಲಿತದ್ದೆಲ್ಲ ಆ ಬೆಳಿಗ್ಗೆಯದು.

1997ರ ಮೇ 7ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಸೇರಿ ತಮ್ಮ ನಡತೆಯ 16 ಅಂಶಗಳನ್ನು ಬರೆದಿಟ್ಟರು. ಬಂಧು-ಆಪ್ತರಲ್ಲದವರಿಂದ ಉಡುಗೊರೆ ಬೇಡ, ಜನರಿಂದ ತುಸು ದೂರವಿರಬೇಕು, ತಮ್ಮನ್ನು ಎಲ್ಲರೂ ನೋಡುತ್ತಿದ್ದಾರೆಂಬ ಎಚ್ಚರವಿರಬೇಕು. ಓದಿದಾಗ ನನಗೆ ನಮ್ಮ ಸಾಹೇಬರ ಒಂಟಿ ತಿರುಗಾಟ ಕಣ್ಣಿಗೆ ಬಂತು.

ಕೆಳಗಿನ ಕೋರ್ಟುಗಳ ಹತೋಟಿ ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟಿನದು. ಆ ಹೈಕೋರ್ಟೋ ದೂರದ ಬೆಂಗಳೂರಿನಲ್ಲಿ. ಅಥಣಿ, ರಾಯಬಾಗ, ಕಾಗವಾಡದವರು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗಬೇಕಿತ್ತು. 2008ರಲ್ಲಿ ಧಾರವಾಡಕ್ಕೆ ಪೀಠ ಬಂದ ಮೇಲೆ ಅದು ಹತ್ತಿರವಾಯಿತು. 2021ರಲ್ಲಿ ಹೈಕೋರ್ಟಿನ ಕಲಾಪ ಯೂಟ್ಯೂಬಿಗೇ ಬಂತು. ಕೋರ್ಟಿನೆದುರಿನ ಚಹಾದಂಗಡಿಯಲ್ಲಿ ಹುಡುಗ ವಕೀಲರು ಮೊಬೈಲಿನಲ್ಲಿ ಅದನ್ನು ನೋಡುತ್ತ ಕೂರುತ್ತಾರೆ.

2024ರ ಸೆಪ್ಟೆಂಬರಿನಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಪೀಠದಲ್ಲಿ ಆಡಿದ ಮಾತುಗಳನ್ನು ದೇಶವೇ ಕೇಳಿತು. ಬೆಂಗಳೂರಿನ ಒಂದು ಬಡಾವಣೆಯನ್ನು ಪಾಕಿಸ್ತಾನ ಎಂದ, ಒಬ್ಬ ಮಹಿಳಾ ವಕೀಲರ ಬಗ್ಗೆ ಆಡಿದ ಮಾತುಗಳು ಅವು. ಸುಪ್ರೀಂ ಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಆ ನ್ಯಾಯಮೂರ್ತಿ ವಿಷಾದ ಹೇಳಿದ ಮೇಲೆ, ದೇಶದ ಯಾವ ಭಾಗವನ್ನೂ ಪಾಕಿಸ್ತಾನ ಎನ್ನುವಂತಿಲ್ಲವೆಂದು ಹೇಳಿ ಪ್ರಕರಣ ಮುಗಿಸಿತು.

ಅಂದು ನನಗೆ ನಿದ್ದೆ ಬರಲಿಲ್ಲ. ಬಹಳ ವರ್ಷಗಳ ಹಿಂದೆ, ಬೇರೊಂದು ಊರಿನ ಕೋರ್ಟಿನಲ್ಲಿ, ಸಾಕ್ಷಿಕಟ್ಟೆಯಲ್ಲಿ ನಿಂತು ಮರಾಠಿ ಬೆರಸಿ ಕನ್ನಡ ತಡವರಿಸುತ್ತಿದ್ದ ಅಜ್ಜಿಯೊಬ್ಬಳನ್ನು ನ್ಯಾಯಾಧೀಶರು ಅಣಕಿಸಿದ್ದರು. ಕೋಣೆಯಲ್ಲಿದ್ದ ಇಪ್ಪತ್ತು ಮಂದಿ ನಕ್ಕೆವು. ಹೌದು, ನಾನೂ ನಕ್ಕೆ. ಹೊರಗೆ ಬಂದ ಅಜ್ಜಿ ನನ್ನ ಅಂಗಿಯ ತೋಳು ಹಿಡಿದು, “ತಮ್ಮಾ, ನಾ ಏನರೆ ಸುಳ್ಳ ಹೇಳಿದ್ನೇನು?” ಎಂದು ಕೇಳಿದ್ದಳು.