ಬಲಕ್ಕೆ ವಾಲಿದ ಕುರ್ಚಿ

ಮೈಸೂರಿನ ಹಳೇ ಮನೆಗಳಲ್ಲಿ ಕುರ್ಚಿಗಳಿಗೂ ನಿವೃತ್ತಿ ಉಂಟು. ಹಾಲ್‌ನಲ್ಲಿ ಮೆರೆದದ್ದು ಕಾಲು ಅಲುಗಾಡತೊಡಗಿದರೆ ವರಾಂಡಕ್ಕೆ ಬರುತ್ತದೆ. ಅಲ್ಲಿ ಪಿಂಚಣಿದಾರರನ್ನು ಹೊತ್ತೂ ಹೊತ್ತೂ ಇನ್ನಷ್ಟು ಜಖಂ ಆದರೆ ತಾರಸಿಗೆ ಹೋಗಿ ಸಂಡಿಗೆಗೆ ಕಾವಲು ಕೂರುತ್ತದೆ. ಗುಜರಿಗೆ ಹಾಕಲು ಮಾತ್ರ ಯಾರಿಗೂ ಮನಸ್ಸು ಬರುವುದಿಲ್ಲ. ಒಂಟಿಕೊಪ್ಪಲಿನ ನಮ್ಮ ವರಾಂಡದಲ್ಲಿ ಇಂಥವು ಎರಡಿದ್ದವು: ಪ್ಲಾಸ್ಟಿಕ್ ವಯರಿನ ಕಬ್ಬಿಣದ್ದೊಂದು, ಅಪ್ಪನ ಬೆತ್ತದ್ದೊಂದು. ಮುಂಗಾರಿನ ಎರಚಲು, ದಸರೆಯ ಹೊತ್ತಿನ ಜೋರುಮಳೆ, ನಡುವೆ ಬಿಸಿಲು, ಎಲ್ಲವನ್ನೂ ಉಂಡು ಎರಡೂ ಕೈಚೆಲ್ಲಿದ್ದವು.

‘ನಾನೇ ರಿಪೇರಿ ಮಾಡ್ತೀನಿ’ ಎಂದೆ. ನಮ್ಮಾಕೆ ಮಾತಾಡದೆ ಟಿಂಚರ್ ಬಾಟಲಿ ಹುಡುಕಲು ಒಳಗೆ ಹೋದಳು.

ಎಮೆರಿ ಪೇಪರಿನಲ್ಲಿ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಹಸಿರು ಎನಾಮಲ್ ಹೊಡೆದೆ. ಕುರ್ಚಿಗೆ ಹತ್ತಿದಷ್ಟೇ ನನ್ನ ಬೆರಳುಗಳಿಗೂ ಹತ್ತಿತು, ಟರ್ಪೆಂಟೈನಿಗೂ ಜಗ್ಗಲಿಲ್ಲ. ಬೆರಳಿಗೆ ಬಿದ್ದದ್ದು ಸುಲಭಕ್ಕೆ ಹೋಗಬಾರದೆಂದು 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಕಲಿಸಿದ ಊರು ನಮ್ಮದಲ್ಲವೇ! ಆ ಶಾಯಿ ಮಾಡುವ ಕಾರ್ಖಾನೆಯನ್ನು 1937ರಲ್ಲಿ ನಾಲ್ವಡಿಯವರು ತೆರೆಸಿದ್ದು ಮಾತ್ರ ಅರಗು, ಬಣ್ಣಗಳಿಗಾಗಿ. ನನ್ನ ಡಬ್ಬ ಬೇರೆ ಕಂಪನಿಯದು, ಗುಣ ಊರಿನದು. ವಯರು ಹೆಣೆದವಳು ನಮ್ಮಾಕೆ. ಎಂಬತ್ತರ ದಶಕದಲ್ಲಿ ವಯರ್ ಬುಟ್ಟಿ ಹೆಣೆಯದ ಹುಡುಗಿ ಮೈಸೂರಿನಲ್ಲಿ ಎಲ್ಲಿದ್ದಳು?

ಬೆತ್ತದ್ದಕ್ಕೆ ನಮ್ಮಿಬ್ಬರ ವಿದ್ಯೆಯೂ ಸಾಲಲಿಲ್ಲ. ಹಿಂದೆಲ್ಲ ಸೈಕಲ್ಲಿಗೆ ಬೆತ್ತದ ಸುರುಳಿ ಕಟ್ಟಿಕೊಂಡು ಬೀದಿಯಲ್ಲಿ ಕೂಗುತ್ತ ಬರುತ್ತಿದ್ದರು. ಈಗ ನಾವೇ ಕೂಗಬೇಕು. ಅವರಿವರನ್ನು ಕೇಳಿ ಕೊನೆಗೆ ಒಬ್ಬರು ಸಿಕ್ಕರು. ಅವರಿಗೆ ಕಣ್ಣು ಕಾಣದು. 1901ರಲ್ಲೇ ಕಿವುಡರಿಗೆ, ಅಂಧರಿಗೆ ಶಾಲೆ ತೆರೆದ ಊರಿನಲ್ಲಿ ಇದು ಅಚ್ಚರಿಯಲ್ಲ. ಅಂಧರಿಗೆ ಕುರ್ಚಿ ಹೆಣೆಯುವ ಕಸುಬು ಕಲಿಸುವ ರೂಢಿ ದೇಶದಲ್ಲೆಲ್ಲ ಇತ್ತು. ಎಷ್ಟೋ ಸರ್ಕಾರಿ ಕಚೇರಿಗಳಲ್ಲಿ ಸಾಹೇಬರು ಕೂತಿದ್ದದ್ದು ಅಂಥವರ ಕೈಕೆಲಸದ ಮೇಲೆಯೇ.

ಅವರು ಹಳೇ ಹೆಣಿಗೆಯ ಮೇಲೆ ಅಂಗೈ ಆಡಿಸಿ, ಒಂದು ಕಡೆ ನಿಲ್ಲಿಸಿ, ‘ಸಾರ್, ಇದ್ರಲ್ಲಿ ಕೂರ್ತಿದ್ದೋರು ಬಲಕ್ಕೆ ವಾಲ್ಕೊಂಡು ಕೂರ್ತಿದ್ರಾ?’ ಎಂದರು.

ಕೂರುತ್ತಿದ್ದರು. ಬಲಗಡೆಯ ಕಿಟಕಿಯಲ್ಲಿ ರೇಡಿಯೊ ಇತ್ತು. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ್ದು ನಮ್ಮಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ. ಪಕ್ಕದ ಬೀದಿಯ ಹುಡುಗ ಮಾತಾಡುತ್ತಿದ್ದಾನೆ ಎಂಬಂಥ ಮಮತೆಯಿಂದ ಅಪ್ಪ ವಾರ್ತೆಗೆ ಕಿವಿಗೊಡುತ್ತಿದ್ದರು. ಬೆತ್ತದಲ್ಲಿ ಗುಳಿ ಬಿದ್ದದ್ದು ಆ ಕಡೆಗೇ. ಇಷ್ಟು ವರ್ಷ ಕಣ್ಣಿದ್ದ ನಾವ್ಯಾರೂ ನೋಡಿರಲಿಲ್ಲ.

‘ಕತ್ತರಿಸ್ಲಾ?’ ಎಂದರು. ‘ಹೂಂ’ ಎನ್ನಲು ಸ್ವಲ್ಪ ಹೊತ್ತು ಹಿಡಿಯಿತು.

ನೀರಲ್ಲಿ ನೆನೆದ ಬೆತ್ತದ ಪಟ್ಟಿ ಚೌಕಟ್ಟಿನ ತೂತುಗಳಲ್ಲಿ ಹೊಕ್ಕು ಹೊರಟಿತು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಮತ್ತೆ ಉದ್ದ, ಮತ್ತೆ ಅಡ್ಡ, ಕಡೆಗೆ ಎರಡೂ ಕರ್ಣ. ಒಂದು ತೂತಿನಿಂದ ಇನ್ನೊಂದಕ್ಕೆ ಅವರ ಎಡಗೈ ಹೆಬ್ಬೆರಳು ಮುಂದೆ ಹೋಗುತ್ತಿತ್ತು, ಪಟ್ಟಿ ಹಿಂದೆ ಬರುತ್ತಿತ್ತು. ಸಡಿಲವಾಗದಂತೆ ಆಗಾಗ ತೂತಿಗೆ ಒಂದು ಮರದ ಗೂಟ. ಎಂಟು ಮೂಲೆಯ ಕಣ್ಣುಗಳು ಒಂದೊಂದಾಗಿ ತೆರೆದುಕೊಂಡವು. ಒಣಗುತ್ತ ಬಂದಂತೆ ಹೆಣಿಗೆ ಬಿಗಿಯಾಯಿತು. ಬೆರಳಲ್ಲಿ ಮೀಟಿದರೆ ಸದ್ದು ಬರುವಷ್ಟು.

ಹೊರಡುವಾಗ ನಮ್ಮಾಕೆಗೆ ಉಪದೇಶ ಮಾಡಿದರು: ‘ಹೆಣಿಗೆ ಜೋಲು ಬಿದ್ರೆ, ಅಮ್ಮಾವ್ರೆ, ಕೆಳಗಡೆಯಿಂದ ಒದ್ದೆ ಬಟ್ಟೇಲಿ ಒರೆಸಿ, ನೆರಳಲ್ಲಿ ಒಣಗೋಕೆ ಬಿಡಿ. ತಾನೇ ಎಳ್ಕೊಂಡು ನೆಟ್ಟಗಾಗುತ್ತೆ.’

ಇಷ್ಟು ಚೆಂದದ ಕುರ್ಚಿ ಎರಚಲಿಗೆ ಸಿಗಬಾರದೆಂದು ಅದಕ್ಕೆ ಮತ್ತೆ ಹಾಲ್‌ಗೆ ಬಡ್ತಿ ಸಿಕ್ಕಿತು. ನಾನು ಅದರಲ್ಲಿ ಎಡಕ್ಕೆ ವಾಲಿ ಕೂರುತ್ತೇನೆ, ಟಿ.ವಿ. ಆ ಕಡೆಗಿದೆ. ಮೊನ್ನೆ ಅಂಗೈ ಆಡಿಸಿ ನೋಡಿಕೊಂಡೆ. ಒಂದಿಷ್ಟು ತಗ್ಗಾದಂತೆ ಅನ್ನಿಸಿ ಒಳಗೊಳಗೇ ಖುಷಿಯಾಯಿತು. ಆದರೆ ನಮ್ಮಾಕೆ ಉಪದೇಶವನ್ನು ವ್ರತ ಮಾಡಿಕೊಂಡಿದ್ದಾಳೆ. ಶನಿವಾರ ಬಂತೆಂದರೆ ಕುರ್ಚಿಯನ್ನು ಬೋರಲು ಹಾಕಿ, ಒದ್ದೆ ಬಟ್ಟೆ ಹಿಡಿದು ಕೂರುತ್ತಾಳೆ.