ಒಂದೇ ಒಕ್ಕದ ಹನ್ನೊಂದು ಮಂದಿ

ಮಡಿಕೇರಿಯಿಂದ ನಾಪೋಕ್ಲಿಗೆ ಸುಮಾರು ಇಪ್ಪತ್ತು ಕಿಲೋಮೀಟರುಗಳ ಹಾದಿ. ಬೆಟ್ಟದ ಮಗ್ಗುಲಲ್ಲಿ ತಿರುವುಗಳನ್ನು ಸುತ್ತುತ್ತ ಇಳಿಯುವ ಈ ಹಾದಿಯ ಎರಡು ಕಡೆಗೂ ಕಾಫಿಯ ತೋಟಗಳು. ನೆರಳಿನ ಮರಗಳನ್ನು ಅಪ್ಪಿ ಮೇಲೇರಿದ ಮೆಣಸಿನ ಬಳ್ಳಿಗಳು. ತಗ್ಗಿನಲ್ಲಿ ಕೊಯ್ಲು ಮುಗಿದು ಬರಿದಾಗಿ ಮಲಗಿದ ಗದ್ದೆಗಳು. ಏಪ್ರಿಲ್ ತಿಂಗಳಲ್ಲಿ ಇಲ್ಲಿಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ಕಕ್ಕಬ್ಬೆಯ ಇಗ್ಗುತಪ್ಪನ ದರ್ಶನಕ್ಕೋ, ೧೭೪೮ ಮೀಟರು ಎತ್ತರದ ತಡಿಯಂಡಮೋಳ್ ಶಿಖರವನ್ನು ಏರಲೋ ಹೊರಟವರು. ಆದರೆ ಹಾಕಿ ಹಬ್ಬವು ನಾಪೋಕ್ಲಿನ ಪಾಲಿಗೆ ಬಂದ ವರ್ಷದಲ್ಲಿ ಅವರ ಪ್ರಯಾಣ ಊರಿನ ಬಳಿಯ ಚೆರಿಯಪರಂಬಿನ ಮೈದಾನದಲ್ಲೇ ನಿಂತುಬಿಟ್ಟರೆ ಆಶ್ಚರ್ಯವಿಲ್ಲ.

ಅಲ್ಲಿ ಕಾಣುವ ನೋಟ ಬೇರೆ ಯಾವ ಆಟದ ಬಯಲಿನಲ್ಲಿಯೂ ಸುಲಭವಾಗಿ ಕಾಣಸಿಗದು. ಒಂದೇ ಬಣ್ಣದ ಅಂಗಿ ತೊಟ್ಟ ಹನ್ನೊಂದು ಮಂದಿಯಲ್ಲಿ ಒಬ್ಬನಿಗೆ ಮೀಸೆ ನರೆತಿದೆ; ಅವನ ಪಕ್ಕದಲ್ಲಿ ಇನ್ನೂ ಮೀಸೆ ಮೂಡದ ಹುಡುಗ. ಎಡಗಡೆಯಲ್ಲಿ ಎರಡು ಜಡೆ ಹಾಕಿದ ಶಾಲೆಯ ಬಾಲಕಿ. ಹಿಂದೆ ರಕ್ಷಣೆಗೆ ನಿಂತವಳು ಅವಳ ಚಿಕ್ಕಮ್ಮ. ಅಂಪೈರನ ಸೀಟಿ ಮೊಳಗಿದೊಡನೆ ಇವರೆಲ್ಲ ಒಂದೇ ಚೆಂಡಿನ ಹಿಂದೆ ಓಡತೊಡಗುತ್ತಾರೆ. ಇದು ಕೊಡವ ಕುಟುಂಬಗಳ ಹಾಕಿ ಹಬ್ಬ. ಇಲ್ಲಿ ತಂಡವನ್ನು ಕಟ್ಟುವುದು ಸಂಘವಲ್ಲ, ಕಾಲೇಜಲ್ಲ, ಊರೂ ಅಲ್ಲ; ಒಕ್ಕ. ಒಂದೇ ಮೂಲಪುರುಷನಿಂದ ಬಂದು, ಒಂದೇ ಮನೆಹೆಸರನ್ನು ಹೊತ್ತು, ಒಂದೇ ಐನ್‌ಮನೆಗೆ ನಡೆದುಕೊಳ್ಳುವ ದೊಡ್ಡ ಕುಟುಂಬಕ್ಕೆ ಕೊಡವರು ಒಕ್ಕವೆನ್ನುತ್ತಾರೆ. ಅದರಲ್ಲಿ ಹುಟ್ಟಿದವರಿಗೆ ಆಡುವ ಹಕ್ಕುಂಟು. ವಯಸ್ಸಿನ ಮಿತಿಯಿಲ್ಲ, ಗಂಡು ಹೆಣ್ಣೆಂಬ ಭೇದವೂ ಇಲ್ಲ.

ಈ ಹಬ್ಬದ ಆರಂಭವೂ ನಡುವಯಸ್ಸು ದಾಟಿದ ಒಬ್ಬರ ಉತ್ಸಾಹದ ಫಲ. ಬ್ಯಾಂಕಿನ ಉದ್ಯೋಗದಿಂದ ನಿವೃತ್ತರಾದ ಪಾಂಡಂಡ ಕುಟ್ಟಪ್ಪನವರು, ಚದುರಿಹೋಗುತ್ತಿದ್ದ ಕೊಡವ ಕುಟುಂಬಗಳನ್ನು ಆಟದ ನೆಪದಲ್ಲಿ ಒಂದೆಡೆ ಸೇರಿಸಬೇಕೆಂದು ಸಂಕಲ್ಪಿಸಿದರು. ೧೯೯೭ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ೬೦ ಕುಟುಂಬಗಳು ಭಾಗವಹಿಸಿದವು. ಅಂದಿನಿಂದ ಒಂದೊಂದು ವರ್ಷ ಒಂದೊಂದು ಒಕ್ಕವು ಆತಿಥ್ಯದ ಭಾರವನ್ನು ಹೊರುತ್ತದೆ. ಬಹುಮಾನದ ಬಟ್ಟಲಿಗೂ ಆ ಒಕ್ಕದ ಹೆಸರೇ. ೨೦೧೮ರ ಆಗಸ್ಟಿನ ಭೀಕರ ಮಳೆ ಮತ್ತು ಭೂಕುಸಿತಗಳು, ಅನಂತರ ಬಂದ ಕೊರೋನಾ ಪಿಡುಗು, ಇವುಗಳಿಂದಾಗಿ ೨೦೧೯ರಿಂದ ೨೦೨೨ರವರೆಗೆ ಹಬ್ಬ ನಡೆಯಲಿಲ್ಲ. ಈ ನಡುವೆ, ೨೦೨೦ರಲ್ಲಿ, ಕುಟ್ಟಪ್ಪನವರು ತೀರಿಕೊಂಡರು. ನಾಲ್ಕು ವರ್ಷ ಬಿಟ್ಟುಹೋದ ಪದ್ಧತಿ ಮತ್ತೆ ಚಿಗುರುವುದುಂಟೇ ಎಂದು ಶಂಕಿಸಲು ಕಾರಣವಿತ್ತು. ಆದರೆ ೨೦೨೩ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ನಾಪೋಕ್ಲಿನಲ್ಲಿ ಅದನ್ನು ಮತ್ತೆ ನಿಲ್ಲಿಸಿತು. ಮರುವರ್ಷ ಅದೇ ಊರಿನಲ್ಲಿ ನಡೆದ ಕುಂಡ್ಯೋಳಂಡ ಪಂದ್ಯಾವಳಿಗೆ ೩೬೦ ಕುಟುಂಬಗಳು ಬಂದು, ಅದು ಗಿನ್ನೆಸ್ ದಾಖಲೆಯ ಪುಸ್ತಕವನ್ನು ಸೇರಿತು. ೨೦೨೫ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದ್ದು ಇಪ್ಪತ್ತೈದನೆಯ ಹಬ್ಬ.

ಕೊಡಗಿನಲ್ಲಿ ಹಾಕಿ ಬೇರುಬಿಟ್ಟಿರುವುದಕ್ಕೆ ಸೈನ್ಯದ ನಂಟು ಒಂದು ಕಾರಣ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಇವರ ನಾಡಿನಿಂದ ತಲೆಮಾರುಗಳವರೆಗೆ ಯುವಕರು ಸೈನ್ಯಕ್ಕೆ ಸೇರಿದರು. ಬ್ಯಾರಕ್ಕಿನ ಬಯಲಿನಲ್ಲಿ ಕಲಿತ ಆಟವನ್ನು ರಜೆಯಲ್ಲಿ ಊರಿಗೆ ತಂದರು. ೧೯೭೨ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ. ಪಿ. ಗಣೇಶ್ ಮತ್ತು ಬಿ. ಪಿ. ಗೋವಿಂದ ಇದ್ದರು, ೧೯೮೦ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಎಂ. ಎಂ. ಸೋಮಯ್ಯ ಆಡಿದರು. ಮನೆಯ ಹಿರಿಯನು ಕಿರಿಯನ ಜೊತೆ ಪಂದ್ಯಕ್ಕಿಳಿಯುವುದಂತೂ ಈ ನಾಡಿಗೆ ಹೊಸದಲ್ಲ. ಸೆಪ್ಟೆಂಬರಿನಲ್ಲಿ ನಾಟಿಯ ಕೆಲಸ ಮುಗಿದು ಕೈಲ್ ಮುಹೂರ್ತ ಬಂದಾಗ ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಟ್ಟು ಗುಂಡು ಹಾರಿಸುವ ಸ್ಪರ್ಧೆಯಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹಾಕಿ ಹಬ್ಬವು ಈ ಹಳೆಯ ವಾಡಿಕೆಯನ್ನು ಹೊಸ ಬಯಲಿಗೆ ತಂದಿತು.

ಏಪ್ರಿಲ್ ತಿಂಗಳಿಗೂ ಒಂದು ಅರ್ಥವಿದೆ. ಆ ಹೊತ್ತಿಗೆ ಕಾಫಿಯ ಕೊಯ್ಲು ಮುಗಿದು, ಹೂಮಳೆಗೆ ಗಿಡಗಳು ಬಿಳಿಯ ಹೂ ತಳೆದು, ತೋಟದ ಯಜಮಾನನಿಗೆ ಕೊಂಚ ಬಿಡುವು ದೊರೆತಿರುತ್ತದೆ. ಮಕ್ಕಳಿಗೆ ಪರೀಕ್ಷೆ ಮುಗಿದಿರುತ್ತದೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ನೆಲಸಿದವರು ರಜೆ ಹಾಕಿ ಊರಿಗೆ ಬರುತ್ತಾರೆ. ವರ್ಷವಿಡೀ ದೂರವಾಣಿಯಲ್ಲಿ ಕುಶಲ ಕೇಳುತ್ತಿದ್ದ ದಾಯಾದಿಗಳು ಸಂಜೆಯ ಹೊತ್ತು ಒಣಗಿದ ಗದ್ದೆಯಲ್ಲಿ ಕೋಲು ಹಿಡಿದು ಸೇರುತ್ತಾರೆ.

ನಿಜವಾದ ಕಥೆ ಶುರುವಾಗುವುದು ಇಲ್ಲಿ. ಹಾಕಿ ಬಯಲಿನ ಉದ್ದ ೯೧ ಮೀಟರು. ಇಪ್ಪತ್ತರ ಹರೆಯದಲ್ಲಿ ಅದನ್ನು ನೂರು ಬಾರಿ ಓಡಿದ ಕಾಲುಗಳಿಗೆ ನಲವತ್ತೈದರಲ್ಲಿ ಮೂರನೆಯ ಓಟವೇ ಭಾರ. ಕಚೇರಿಯ ಕುರ್ಚಿಯೂ ಕಾರಿನ ಆಸನವೂ ಕೂಡಿ ಸೊಂಟದ ಸುತ್ತ ಬೆಳೆಸಿದ್ದನ್ನು ಒಂದು ವಾರದ ಅಭ್ಯಾಸ ಕರಗಿಸಲಾರದು. ಹುಮ್ಮಸ್ಸಿನಿಂದ ಮೊದಲ ದಿನವೇ ಮಗನ ವೇಗಕ್ಕೆ ಓಡಲು ಹೋದ ತಂದೆ ಮೀನಖಂಡ ಹಿಡಿದುಕೊಂಡು ಗದ್ದೆಯ ಬದುವಿನಲ್ಲಿ ಕುಳಿತುಕೊಳ್ಳಬೇಕಾದೀತು. ಆದುದರಿಂದ ತಿಳಿದವರು ಸಿದ್ಧತೆಯನ್ನು ಬಹಳ ಮುಂಚೆಯೇ ಹಿಡಿಯುತ್ತಾರೆ: ಮೊದಲು ನಡಿಗೆ, ಬಳಿಕ ಮೆಲ್ಲೋಟ, ಆಮೇಲೆ ಕೋಲು. ವಯಸ್ಕರು ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಸಾಧಾರಣ ವ್ಯಾಯಾಮವನ್ನು, ಮಕ್ಕಳು ದಿನಕ್ಕೆ ಸರಾಸರಿ ೬೦ ನಿಮಿಷಗಳ ಚಟುವಟಿಕೆಯನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪದೇಶದ ರೂಪದಲ್ಲಿ ಈ ಮಾತು ಯಾರ ಕಿವಿಗೂ ಇಂಪಾಗದು. ಆದರೆ ಏಪ್ರಿಲ್‌ನಲ್ಲಿ ಊರಿನೆದುರು ಮಗಳ ಪಕ್ಕದಲ್ಲಿ ಓಡಬೇಕಾಗಿದೆ ಎಂಬ ಅಂಜಿಕೆ, ಜನವರಿಯ ಚಳಿಯಲ್ಲಿಯೂ ತಂದೆಯನ್ನು ಹಾಸಿಗೆಯಿಂದ ಎಬ್ಬಿಸಬಲ್ಲದು.

ಓಟದಲ್ಲಿ ಸೋಲುವ ಹಿರಿಯನಿಗೆ ಆಟದಲ್ಲಿ ಬೇರೊಂದು ಬಲವಿದೆ. ಚೆಂಡು ಎಲ್ಲಿಗೆ ಬಂದೀತೆಂದು ಅವನು ಮೊದಲೇ ಬಲ್ಲ. ಹುಡುಗರು ಹತ್ತು ಹೆಜ್ಜೆ ಓಡಿ ಮುಟ್ಟುವ ಜಾಗದಲ್ಲಿ ಅವನು ಆಗಲೇ ನಿಂತಿರುತ್ತಾನೆ. ಆಟಗಾರರನ್ನು ಎಷ್ಟು ಬಾರಿ ಬೇಕಾದರೂ ಬದಲಿಸಲು ಹಾಕಿಯ ನಿಯಮ ಎಡೆಗೊಡುವುದರಿಂದ ಐದು ನಿಮಿಷ ಆಡಿ, ಹೊರಬಂದು, ದಣಿವಾರಿಸಿಕೊಂಡು ಮತ್ತೆ ಇಳಿಯಬಹುದು. ಮನೆಯಲ್ಲಿ ಅಪ್ಪನ ಮಾತಿಗೆ ಎದುರಾಡದ ಹುಡುಗಿ ಬಯಲಿನಲ್ಲಿ "ಅಪ್ಪಾ, ಬಲಕ್ಕೆ ಹೋಗಿ!" ಎಂದು ಕೂಗುತ್ತಾಳೆ; ಅಪ್ಪ ಹೋಗುತ್ತಾನೆ. ಅಂಪೈರನ ತೀರ್ಪನ್ನು ತಂದೆ ಗೊಣಗದೆ ಒಪ್ಪುವುದನ್ನು ಮಗ ನೋಡುತ್ತಾನೆ. ತಪ್ಪಿದ ಗೋಲಿಗೆ ಮಗ ಕಣ್ಣೀರು ಹಾಕಿದಾಗ, ಅದೇ ಬಯಲಿನಲ್ಲಿ ಬೆವತು ನಿಂತ ತಂದೆಯ ಕೈ ಅವನ ಹೆಗಲ ಮೇಲಿರುತ್ತದೆ.

ಆದರೂ ಈ ಹಬ್ಬದಲ್ಲಿ ಒಂದು ಬಿಗಿಯಾದ ಗಂಟು ಉಂಟು. ಸೋತವರು ಹೊರಗೆ ಎಂಬುದು ಪಂದ್ಯಾವಳಿಯ ಪದ್ಧತಿ. ೩೬೦ ತಂಡಗಳಿದ್ದರೆ ೩೫೯ ತಂಡಗಳು ಒಂದಲ್ಲ ಒಂದು ದಿನ ಸೋತೇ ಮನೆಗೆ ಹೋಗಬೇಕು. ಸುಮಾರು ಅರ್ಧದಷ್ಟು ಕುಟುಂಬಗಳಿಗೆ ತಮ್ಮ ಮೊದಲ ಪಂದ್ಯವೇ ಕೊನೆಯ ಪಂದ್ಯ. ಒಲಿಂಪಿಕ್ಸ್ ಕಂಡ ಆಟಗಾರರೂ ತಮ್ಮ ಒಕ್ಕದ ಪರವಾಗಿ ಇಳಿಯುವ ಬಯಲಿದು. ಹೀಗಿರುವಾಗ ಐವತ್ತರ ದೊಡ್ಡಪ್ಪನನ್ನೂ ಹನ್ನೆರಡರ ಬಾಲಕನನ್ನೂ ಇಳಿಸುವುದೋ, ಗೆಲ್ಲಬಲ್ಲ ಹನ್ನೊಂದು ಮಂದಿ ತರುಣರನ್ನು ಇಳಿಸುವುದೋ? ಒಕ್ಕದ ಹೆಸರು ಅಂತಿಮ ಪಂದ್ಯಕ್ಕೆ ಏರಬೇಕೆಂಬ ಆಸೆ ಯಾರಿಗಿಲ್ಲ? ಪ್ರಬಲವಾದ ಕುಟುಂಬಗಳು ಮುಂದಿನ ಸುತ್ತುಗಳಿಗೆ ಹೋದಂತೆ ನರೆತ ಮೀಸೆಗಳೂ ಎರಡು ಜಡೆಗಳೂ ಬಯಲಿನಿಂದ ಬೆಂಚಿಗೆ ಸರಿಯುವುದು ಸಹಜ. ಅದನ್ನು ಆಕ್ಷೇಪಿಸುವಂತೆಯೂ ಇಲ್ಲ. ಪೂರ್ತಿಯಾಗಿ ಒಪ್ಪುವಂತೆಯೂ ಇಲ್ಲ. ಗೆಲ್ಲುವ ಹಂಬಲವಿಲ್ಲದ ಆಟ ಚಪ್ಪೆ. ಗೆಲ್ಲುವುದಕ್ಕಾಗಿ ಮನೆಯವರನ್ನು ಹೊರಗಿಡುವ ಆಟಕ್ಕೆ ಕುಟುಂಬದ ಹೆಸರೇಕೆ? ಈ ಪ್ರಶ್ನೆಗೆ ಪ್ರತಿಯೊಂದು ಒಕ್ಕವೂ ಪ್ರತಿ ವರ್ಷ ತನ್ನದೇ ಉತ್ತರವನ್ನು ಹುಡುಕಿಕೊಳ್ಳುತ್ತಿದೆ. ಮೊದಲ ಸುತ್ತಿನ ಪಂದ್ಯಗಳನ್ನು ನೋಡಿದವರು ಮಾತ್ರ ಹಬ್ಬದ ತಿರುಳು ಅಲ್ಲಿಯೇ ಇದೆಯೆಂದು ಬಲ್ಲರು.

ನಡುವಯಸ್ಸಿನವರ ಕ್ರೀಡೆಗೆ ಹೊರಗಿನ ಜಗತ್ತೂ ಏರ್ಪಾಡುಗಳನ್ನು ಮಾಡಿದೆ. ಅಂತರರಾಷ್ಟ್ರೀಯ ಮಾಸ್ಟರ್ಸ್ ಹಾಕಿಯಲ್ಲಿ ೩೫, ೪೦, ೪೫ ಹೀಗೆ ವಯಸ್ಸಿಗೊಂದು ವರ್ಗ. ಅಲ್ಲಿ ಸಮವಯಸ್ಕರು ಸಮವಯಸ್ಕರ ಜೊತೆ ಆಡುತ್ತಾರೆ. ಕಾಫಿ ಬೆಳೆಗಾರರ ಮಗನಾಗಿ ಕೊಡಗಿನಲ್ಲಿ ಬೆಳೆದ ಟೆನಿಸ್ ಆಟಗಾರ ರೋಹನ್ ಬೋಪಣ್ಣ, ೨೦೨೪ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿಯನ್ನು ಗೆದ್ದಾಗ ಅವರ ವಯಸ್ಸು ೪೩. ಅಂಥ ಸಾಧನೆ ಕೋಟಿಗೊಬ್ಬರದು. ನಾಪೋಕ್ಲಿನ ಬಯಲಿನಲ್ಲಿ ಓಡುವ ನಲವತ್ಮೂರರ ತಂದೆಗೆ ಪ್ರಶಸ್ತಿಯ ಮಾತು ದೂರ. ತನ್ನ ಕೋಲಿನಿಂದ ಹೊರಟ ಚೆಂಡು ಮಗಳ ಕೋಲಿಗೆ ತಲಪಿದರೆ ಅವನ ವರ್ಷ ಸಾರ್ಥಕ.

ನಗರದ ಸಂಸಾರಗಳಲ್ಲಿ ಇಂದು ಮಕ್ಕಳ ಆಟಕ್ಕೆ ಹಣಕ್ಕೂ ತರಬೇತಿಗೂ ಕೊರತೆಯಿಲ್ಲ. ಬೆಳಗಿನ ಜಾವ ತಂದೆಯೋ ತಾಯಿಯೋ ಮಗುವನ್ನು ಶಿಬಿರಕ್ಕೆ ಬಿಟ್ಟು, ಮರದ ನೆರಳಿನಲ್ಲಿ ಕುಳಿತು, ಗಂಟೆ ಮುಗಿದೊಡನೆ ಮನೆಗೆ ಕರೆತರುತ್ತಾರೆ. ಅಲ್ಲಿ ಮಗು ಆಟಗಾರ, ಪಾಲಕರು ಕಾವಲುಗಾರರು. ಕೊಡಗಿನ ಒಕ್ಕವೂ ಐನ್‌ಮನೆಯೂ ಎಲ್ಲರಿಗೂ ಇರಲಾರವು. ಆದರೆ ಒಂದು ಷಟ್ಲ್ ಕಾಕ್, ಒಂದು ಟೆನ್ನಿಕಾಯ್ಟ್ ಉಂಗುರ, ಬಡಾವಣೆಯ ಒಂದು ತುಂಡು ಬಯಲು ಸಿಗದ ಊರು ಕಡಿಮೆ. ನೆರಳಿನಲ್ಲಿ ಕುಳಿತವರು ಎದ್ದು ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕು.

ಸಂಜೆಯ ಹೊತ್ತಿಗೆ ಚೆರಿಯಪರಂಬಿನ ಬಯಲಿನಲ್ಲಿ ಸೋತ ಕುಟುಂಬದವರು ಗೆದ್ದವರೊಡನೆ ಕೂಡಿ ಕುಳಿತು ಕಡಂಬುಟ್ಟು, ಪಂದಿಕರಿಗಳ ಬುತ್ತಿ ಬಿಚ್ಚುತ್ತಾರೆ. ಹಿರಿಯನೊಬ್ಬ ಊದಿಕೊಂಡ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿರುತ್ತಾನೆ. ಮುಂದಿನ ವರ್ಷ ಯಾವ ಸ್ಥಾನದಲ್ಲಿ ಯಾರು ಆಡಬೇಕೆಂಬ ವಾದ ಆಗಲೇ ಮಕ್ಕಳಲ್ಲಿ ಶುರುವಾಗಿರುತ್ತದೆ. ಆ ಪಟ್ಟಿಯಲ್ಲಿ ಅವನ ಹೆಸರೂ ಇದೆ.