ಚುಕ್ಕಿಯ ಆಚೆಗಿನ ಜಾಗ

ನನ್ನ ಊರಿನ ಹೆಸರಿನಲ್ಲೇ ಒಂದು ಚುಕ್ಕಿ ಇದೆ. ಕೆಲವು ಬೋರ್ಡುಗಳಲ್ಲಿ ‘ತಿ. ನರಸೀಪುರ’, ಇನ್ನು ಕೆಲವದರಲ್ಲಿ ‘ಟಿ. ನರಸೀಪುರ’. ತಿರುಮಕೂಡಲು ಎಂಬ ಉದ್ದನೆಯ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸಿ ಪಕ್ಕದಲ್ಲೊಂದು ಚುಕ್ಕಿ ಇಟ್ಟಿದ್ದೇವೆ. ಬಾಯಿಮಾತಿನಲ್ಲಿ ಆ ಚುಕ್ಕಿಯೂ ಇಲ್ಲ, ಅದರ ಆಚೆಗಿನ ಜಾಗವೂ ಇಲ್ಲ. ಬಸ್ಸಿನ ಬಾಗಿಲಲ್ಲಿ ನಿಂತು ಕೂಗುವವರಿಗೆ ಅದು ಒಂದೇ ಉಸಿರಿನ ‘ಟೀನರ್ಸೀಪುರ’. ಈ ಚುಕ್ಕಿಯೂ ವಾಕ್ಯ ಮುಗಿಸುವ ಚುಕ್ಕಿಯೂ ಬೇರೆ ಬೇರೆ ಎಂದು ನನಗೆ ಗೊತ್ತಾಗಿದ್ದು ನಂಜನಗೂಡಿನಲ್ಲಿ ಟೈಪಿಂಗ್ ಕಲಿಯಲು ಹೋದಾಗ.

1996ರ ಬೇಸಿಗೆ. ಮೊದಲ ಪಿಯುಸಿ ಪರೀಕ್ಷೆ ಮುಗಿದಿತ್ತು. ‘ಸುಮ್ಮನೆ ಕೂತು ಏನು ಮಾಡ್ತೀಯ, ಜೂನಿಯರ್ ಕಟ್ಟು’ ಎಂದು ಅಪ್ಪ ನನ್ನನ್ನು ನಂಜನಗೂಡಿನಲ್ಲಿದ್ದ ಅತ್ತೆಯ ಮನೆಗೆ ಕಳಿಸಿದ. ಅತ್ತೆ ಅಂದರೆ ಅಪ್ಪನ ಅಕ್ಕ. ಅಂಗಡಿಯೊಂದರ ಮಹಡಿಯ ಮೇಲಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾಲ್ಕು ಇಂಗ್ಲಿಷ್ ಯಂತ್ರ, ಎರಡು ಕನ್ನಡದ ಯಂತ್ರ. ಬೆಳಿಗ್ಗೆ ಆರೂವರೆಯ ಬ್ಯಾಚು. ಮಷೀನ್ ಎಣ್ಣೆ, ರಿಬ್ಬನ್ನಿನ ಶಾಯಿ, ಕೆಳಗಿನ ಹೋಟೆಲಿನ ಸಾಂಬಾರು, ಮೂರೂ ಸೇರಿದ ವಾಸನೆ ಈಗಲೂ ನೆನಪಿದೆ.

ಮೇಷ್ಟ್ರು ಮೊದಲ ವಾರವೇ ನಿಯಮ ಹೇಳಿಬಿಟ್ಟಿದ್ದರು. ಕಾಮಾ ಆದಮೇಲೆ ಸ್ಪೇಸ್ ಬಾರ್ ಒಂದು ಸಲ. ಫುಲ್‌ಸ್ಟಾಪ್ ಆದಮೇಲೆ ಎರಡು ಸಲ. ನಾನು ವಿಧೇಯ ವಿದ್ಯಾರ್ಥಿನಿ. ಪತ್ರದ ವಿಳಾಸದಲ್ಲಿ ‘ಟಿ.’ ಹೊಡೆದು, ಎರಡು ಸಲ ಒತ್ತಿ, ‘ನರಸೀಪುರ’ ಹೊಡೆದೆ. ಮೇಷ್ಟ್ರು ಆ ಖಾಲಿ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ‘ವಾಕ್ಯ ಮುಗೀಲಿಲ್ಲಮ್ಮ ಇಲ್ಲಿ, ಇದು ನಿಮ್ಮೂರು. ಒಂದೇ ಹೊಡಿ’ ಎಂದರು. ಇಡೀ ಬ್ಯಾಚು ನಕ್ಕಿತು.

ಆ ನಿಯಮಕ್ಕೆ ಕಾರಣ ಇತ್ತು. ಟೈಪ್‌ರೈಟರಿನಲ್ಲಿ ಕ್ಯಾರೇಜು ಪ್ರತಿ ಹೊಡೆತಕ್ಕೂ ಅಷ್ಟೇ ದೂರ ಸರಿಯುತ್ತದೆ. ಅಗಲವಾದ ಅಕ್ಷರಕ್ಕೂ ಸಾಸಿವೆ ಗಾತ್ರದ ಚುಕ್ಕಿಗೂ ಒಂದೇ ಅಳತೆಯ ಮನೆ. ಎಲ್ಲ ಕಡೆ ಸಡಿಲ ಸಡಿಲವಾಗಿ ಕಾಣುವ ಅಂಥ ಸಾಲಿನಲ್ಲಿ ವಾಕ್ಯ ಮುಗಿದದ್ದು ಕಣ್ಣಿಗೆ ಬೀಳಬೇಕಾದರೆ ಇನ್ನೊಂದು ಮನೆ ಖಾಲಿ ಬಿಡಬೇಕು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪುಸ್ತಕಗಳಲ್ಲೂ ವಾಕ್ಯದ ನಂತರದ ಜಾಗ ಪದಗಳ ನಡುವಿನ ಜಾಗಕ್ಕಿಂತ ಅಗಲವಾಗಿರುತ್ತಿತ್ತು. ಟೈಪಿಸ್ಟರು ಅದನ್ನೇ ಎರಡು ಹೊಡೆತದಲ್ಲಿ ಮುಂದುವರಿಸಿದರು. ಕನ್ನಡಕ್ಕೆ ಬಂದಾಗ ಈ ಎರಡು ಹೊಡೆತಕ್ಕೆ ಇನ್ನೂ ಒಂದು ಕೆಲಸ ಸಿಕ್ಕಿತು. ಇಂಗ್ಲಿಷಿನಲ್ಲಿ ಹೊಸ ವಾಕ್ಯ ಶುರುವಾಯಿತೆಂದು ದೊಡ್ಡಕ್ಷರ ಸಾರಿ ಹೇಳುತ್ತದೆ. ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ‘ಡಾ.’, ‘ಕಿ.ಮೀ.’, ‘ಸ.ನಂ.’, ‘ಟಿ.’ ಇವುಗಳ ಚುಕ್ಕಿಯನ್ನೂ ವಾಕ್ಯದ ಕೊನೆಯ ಚುಕ್ಕಿಯನ್ನೂ ಕಣ್ಣಿಗೆ ಬೇರೆ ಮಾಡಿ ತೋರಿಸುತ್ತಿದ್ದುದು ಆ ಒಂದು ಹೆಚ್ಚಿನ ಹೊಡೆತ.

ರಜೆ ಮುಗಿಸಿ ಊರಿಗೆ ಬಂದು ನನ್ನ ಹೊಸ ವಿದ್ಯೆಯನ್ನು ಅಪ್ಪನಿಗೆ ಹೇಳಿದೆ. ಅಪ್ಪ ನರಸೀಪುರದಲ್ಲಿ ಪತ್ರ ಬರಹಗಾರ. ಕ್ರಯಪತ್ರ, ಭೋಗ್ಯದ ಪತ್ರ, ಪಾಲುಪಟ್ಟಿ ಬರೆದು, ಕೊನೆಯಲ್ಲಿ ‘ಬಿಕ್ಕಲಂ’ ಎಂದು ಹಾಕಿ ತನ್ನ ಹೆಸರು ಬರೆಯುತ್ತಿದ್ದ. ಅವನ ಕಸುಬಿನ ನಿಯಮ ಪೂರ್ತಿ ತಿರುಗುಮುರುಗು. ‘ಪತ್ರದಲ್ಲಿ ಖಾಲಿ ಜಾಗ ಬಿಡೋದು ಅಂದ್ರೆ ಅಗುಳಿ ಹಾಕದೆ ಮಲಗಿದ ಹಾಗೆ ಕಣವ್ವ’ ಎನ್ನುತ್ತಿದ್ದ. ಸಾಲು ಅರ್ಧಕ್ಕೆ ನಿಂತರೆ ಅಂಚಿನವರೆಗೂ ಅಡ್ಡಗೆರೆ ಹೊಡೆಯುತ್ತಿದ್ದ. ರೂಪಾಯಿಯ ಮೊತ್ತದ ಹಿಂದೆ ಮುಂದೆ ಬೆರಳು ತೂರುವಷ್ಟೂ ಸಂದು ಬಿಡುತ್ತಿರಲಿಲ್ಲ. ಅಂಕಿಯಲ್ಲಿ ಬರೆದದ್ದನ್ನೆಲ್ಲ ಅಕ್ಷರದಲ್ಲೂ ಬರೆಯುತ್ತಿದ್ದ. ನಾನು ಹೆಮ್ಮೆಯಿಂದ ಎರಡೆರಡು ಸ್ಪೇಸ್ ಬಿಟ್ಟು ಹೊಡೆದು ತೋರಿಸಿದ ಹಾಳೆಯನ್ನು ನೋಡಿ, ‘ಚೆನ್ನಾಗದೆ. ಆದ್ರೆ ಇದರಲ್ಲಿ ಯಾರು ಬೇಕಾದ್ರೂ ಬಂದು ಕೂತ್ಕೋಬಹುದು’ ಎಂದ.

ಅಪ್ಪನ ಬರವಣಿಗೆಯಲ್ಲಿ ನನಗೆ ನಾಚಿಕೆಯಾಗುತ್ತಿದ್ದ ಸಂಗತಿ ಬೇರೆಯೇ ಇತ್ತು. ಅವನ ಪ್ರತಿ ವಾಕ್ಯವೂ ‘ಆಗಿರುತ್ತದೆ’ ಎಂದು ಮುಗಿಯುತ್ತಿತ್ತು. ‘ಸದರಿ ಸ್ವತ್ತು ನನ್ನ ಪಿತ್ರಾರ್ಜಿತವಾಗಿರುತ್ತದೆ.’ ‘ಇದರ ಚೆಕ್ಕುಬಂದಿ ಕೆಳಕಂಡಂತೆ ಇರುತ್ತದೆ.’ ಮುಂದೆ ಮೈಸೂರಿನಲ್ಲಿ ಕನ್ನಡ ಎಂ.ಎ. ಓದುವಾಗ ಗೆಳತಿಯರ ನಡುವೆ ಅಪ್ಪನ ಈ ಕನ್ನಡವನ್ನು ಅನುಕರಿಸಿ ನಗಿಸುತ್ತಿದ್ದೆ. ‘ನಾನು ತಿಂಡಿ ತಿಂದಿರುತ್ತೇನೆ, ಸದರಿ ತಿಂಡಿಯು ಉಪ್ಪಿಟ್ಟಾಗಿರುತ್ತದೆ’ ಎಂದರೆ ಹಾಸ್ಟೆಲಿನ ಕೋಣೆಯೆಲ್ಲ ನಗು. ಊರಿಗೆ ಹೋದಾಗ ಒಮ್ಮೆ ಅಪ್ಪನಿಗೇ ಬುದ್ಧಿ ಹೇಳಿದೆ: ‘ಯಾಕಪ್ಪ ಎಳೀತೀಯ? ಇದು ನನ್ನ ಜಮೀನು ಅಂತ ಬರೆದರೆ ಸಾಲದಾ?’ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಉತ್ತರ ಹೇಳಲಿಲ್ಲ.

ಓದು ಮುಗಿಸಿ ಮೈಸೂರಿನಲ್ಲೇ ಡಿ.ಟಿ.ಪಿ. ಮತ್ತು ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಪುಟ ಕಟ್ಟುವ ಕಾಲ. ಕಂಪ್ಯೂಟರಿನ ಅಕ್ಷರಗಳು ತಮ್ಮ ಮೈಯಗಲಕ್ಕೆ ಬೇಕಾದಷ್ಟೇ ಜಾಗ ತೆಗೆದುಕೊಳ್ಳುತ್ತವೆ, ಚುಕ್ಕಿಯೂ ಅಷ್ಟೆ. ಹಾಗಾಗಿ ಎರಡು ಸ್ಪೇಸಿನ ಕಾರಣವೇ ಹೋಯಿತು. ಎರಡು ಸ್ಪೇಸ್ ಇದ್ದ ಪುಟವನ್ನು ದೂರದಿಂದ ನೋಡಿದರೆ ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ ತೂತು. ಅಂತರ್ಜಾಲದ ಪುಟಗಳಂತೂ ನೀವು ಎಷ್ಟೇ ಸ್ಪೇಸ್ ಕೊಟ್ಟರೂ ಸಾಮಾನ್ಯವಾಗಿ ಒಂದನ್ನೇ ತೋರಿಸುತ್ತವೆ. ಈಚೆಗೆ, 2020ರಲ್ಲಿ, ಮೈಕ್ರೋಸಾಫ್ಟ್ ವರ್ಡ್ ಕೂಡ ಇಂಗ್ಲಿಷ್ ಬರಹದಲ್ಲಿ ಎರಡು ಸ್ಪೇಸನ್ನು ತಪ್ಪೆಂದು ಗೆರೆ ಎಳೆದು ತೋರಿಸತೊಡಗಿತು. ಆದರೆ ಟೈಪ್‌ರೈಟರಿನಲ್ಲಿ ಕಲಿತ ಕೈಗಳು ಕೇಳಬೇಕಲ್ಲ? ನನ್ನ ಹೆಬ್ಬೆರಳು ಈಗಲೂ ಚುಕ್ಕಿಯ ನಂತರ ಎರಡು ಸಲ ಬಡಿಯುತ್ತದೆ. ಕೆಲಸ ಮುಗಿದ ಮೇಲೆ ‘ಹುಡುಕು, ಬದಲಿಸು’ ಕೊಟ್ಟು ಎರಡು ಸ್ಪೇಸ್ ಇದ್ದಲ್ಲೆಲ್ಲ ಒಂದು ಮಾಡುತ್ತೇನೆ. ಒಂದು ಕ್ಷಣದ ಕೆಲಸ.

ಆ ಒಂದು ಕ್ಷಣದ ಕೆಲಸವನ್ನೇ ನಾನು 2011ರಲ್ಲಿ ಕೆಡಿಸಿದೆ. ಅತ್ತೆಯ ಗಂಡ ತೀರಿಕೊಂಡಿದ್ದರು. ಅವರ ಪಾಲಿನ ಜಮೀನು ಅತ್ತೆಯ ಹೆಸರಿಗೆ ಪೌತಿ ಖಾತೆ ಆಗಬೇಕಿತ್ತು. ಅಪ್ಪನಿಗೆ ಕಣ್ಣಿನ ಪೊರೆ ತೆಗೆಸಿ ಹತ್ತು ದಿನವಾಗಿತ್ತಷ್ಟೆ. ಬೇಸಿಗೆಯಿಡೀ ನನಗೆ ಅನ್ನ ಹಾಕಿ ಟೈಪಿಂಗ್ ಕಲಿಸಿದ ಮನೆ; ಅರ್ಜಿ ನಾನೇ ಬರೆಯುತ್ತೇನೆ ಎಂದೆ. ‘ಆಗಿರುತ್ತದೆ’ಗಳನ್ನೆಲ್ಲ ಕಿತ್ತು, ಚುಟುಕಾಗಿ, ಆಧುನಿಕವಾಗಿ ಬರೆದೆ. ಜಮೀನಿನ ವಿವರ ಹೀಗಿತ್ತು: ಸ.ನಂ. 45. ಎರಡು ಸ್ಪೇಸ್. 2 ಎಕರೆ 10 ಗುಂಟೆ. ಎರಡು ಸ್ಪೇಸ್. ಖುಷ್ಕಿ.

ಆಮೇಲೆ ಅಭ್ಯಾಸದಂತೆ ‘ಹುಡುಕು, ಬದಲಿಸು’. ಎರಡು ಸ್ಪೇಸ್ ಹುಡುಕಲು ಹೇಳಿದೆ. ಬದಲಿಗೆ ಏನು ಹಾಕಬೇಕೆಂಬ ಮನೆಯಲ್ಲಿ ಒಂದು ಸ್ಪೇಸ್ ಒತ್ತಬೇಕಿತ್ತು, ಒತ್ತಲಿಲ್ಲ. ಖಾಲಿ ಮನೆಗೂ ಒಂದು ಸ್ಪೇಸ್ ಇರುವ ಮನೆಗೂ ಪರದೆಯ ಮೇಲೆ ಏನು ವ್ಯತ್ಯಾಸ ಕಾಣುತ್ತದೆ ಹೇಳಿ? ಎಲ್ಲ ಚುಕ್ಕಿಗಳೂ ಮುಂದಿನ ಪದಕ್ಕೆ ಅಂಟಿಕೊಂಡವು. ಬೇರೆಡೆ ಅದು ಬರೀ ಒತ್ತೊತ್ತಾಗಿ ಕಂಡಿತು. ಒಂದು ಕಡೆ ಮಾತ್ರ ‘ಸ.ನಂ. 45.2 ಎಕರೆ 10 ಗುಂಟೆ’ ಆಯಿತು. ಅತ್ತೆ ನನ್ನ ಮೇಲಿನ ನಂಬಿಕೆಯಿಂದ ಓದದೆಯೇ ಸಹಿ ಹಾಕಿದರು.

ವಿಸ್ತೀರ್ಣ ಪಹಣಿಗೆ ತಾಳೆಯಾಗುವುದಿಲ್ಲವೆಂದು ಅರ್ಜಿ ವಾಪಸು ಬಂತು. ಅಷ್ಟೇ ಆಗಿದ್ದರೆ ಇನ್ನೊಂದು ಹಾಳೆ ಹೊಡೆದು ಕೊಡಬಹುದಿತ್ತು. ಆದರೆ ಅಷ್ಟರಲ್ಲಿ ಅತ್ತೆಯ ಮೈದುನನ ಕಿವಿಗೆ ಸುದ್ದಿ ಬಿದ್ದಿತ್ತು. ‘ನಲವತ್ತೈದು ಎಕರೆ ಅಂತ ಬರೆಸವ್ಳೆ, ನಮ್ಮದನ್ನೂ ಸೇರಿಸ್ಕಂಡು ಹೊಡೆಯೋ ಯೋಚನೆ.’ ಆ ಮನೆತನಕ್ಕೆಲ್ಲ ಸೇರಿದರೂ ಅಷ್ಟು ಜಮೀನಿರಲಿಲ್ಲ. ಅನುಮಾನಕ್ಕೆ ಲೆಕ್ಕ ಬೇಕಿರಲಿಲ್ಲ. ಒಪ್ಪಿಗೆಗೆ ಸಹಿ ಹಾಕುತ್ತೇನೆ ಎಂದಿದ್ದವರು ಆಗುವುದಿಲ್ಲ ಎಂದರು. ಹಬ್ಬಕ್ಕೆ ಕರೆಯುವುದು ನಿಂತಿತು. ಖಾತೆ ಆಗಲು ಒಂದೂವರೆ ವರ್ಷ ಹಿಡಿಯಿತು. ನಾನು ಅತ್ತೆಗೆ ಹೇಳಿದ್ದು ಒಂದೇ ಮಾತು: ‘ಕಂಪ್ಯೂಟರ್ ಮಿಸ್ಟೇಕು ಅತ್ತೆ.’ ಅವರು ಎಲ್ಲರ ಎದುರೂ ನನ್ನ ಪರವಾಗಿ ಅದನ್ನೇ ಹೇಳಿದರು.

ಅಪ್ಪ ಆ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದ. ಸ್ಪೇಸಿನ ಸುದ್ದಿಯನ್ನೇ ಎತ್ತಲಿಲ್ಲ. ‘ವಾಕ್ಯ ಎಲ್ಲವ್ವ?’ ಎಂದ. ನನಗೆ ಅರ್ಥವಾಗಲಿಲ್ಲ. ಅವನು ಪೆನ್ನು ತೆಗೆದು ಕೆಳಗೆ ಬರೆದ: ‘ಸದರಿ ಜಮೀನಿನ ಸರ್ವೆ ನಂಬರು 45 (ನಲವತ್ತೈದು) ಆಗಿರುತ್ತದೆ. ಇದರ ವಿಸ್ತೀರ್ಣವು 2 (ಎರಡು) ಎಕರೆ 10 (ಹತ್ತು) ಗುಂಟೆ ಆಗಿರುತ್ತದೆ.’ ಬರೆದು, ‘ಈಗ ಇದರಲ್ಲಿ ಚುಕ್ಕಿ ಅಳಿಸು, ಜಾಗ ಅಳಿಸು, ಏನು ಬೇಕಾದ್ರೂ ಅಳಿಸು. ಕೆಡ್ತದಾ ನೋಡು’ ಎಂದ.

ಕೆಡಲಿಲ್ಲ. ಹತ್ತು ವರ್ಷದ ಹಿಂದೆ ನಾನು ಕೇಳಿದ್ದ ಪ್ರಶ್ನೆಗೆ ಉತ್ತರ ಅದಾಗಿತ್ತು. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಕ್ರಿಯಾಪದ ಬಂದು ಕೂತಿತೆಂದರೆ ವಾಕ್ಯ ಮುಗಿಯಿತೆಂದು ಕಿವಿಗೆ ತಾನಾಗಿ ತಿಳಿಯುತ್ತದೆ. ನಾನು ಹಾಸ್ಟೆಲಿನಲ್ಲಿ ಆಡಿಕೊಂಡ ‘ಆಗಿರುತ್ತದೆ’ ಅಪ್ಪ ವಾಕ್ಯಕ್ಕೆ ಹಾಕುತ್ತಿದ್ದ ಅಗುಳಿ. ನಾನು ಅಗುಳಿಯನ್ನು ಕಿತ್ತು, ಕಾವಲನ್ನು ಒಂದು ಬೆಳ್ಳನೆಯ ಸಂದಿಗೆ ಒಪ್ಪಿಸಿದ್ದೆ.

ಅದಾದಮೇಲೆ ನಮ್ಮ ತಾಲ್ಲೂಕಿನದೇ ಆದ ಸೋಮನಾಥಪುರಕ್ಕೆ ಹೋದಾಗ ಕೇಶವ ದೇವಾಲಯದ ಪ್ರವೇಶದಲ್ಲಿ ನಿಲ್ಲಿಸಿರುವ ಎತ್ತರದ ಶಾಸನದ ಮುಂದೆ ಬಹಳ ಹೊತ್ತು ನಿಂತಿದ್ದೆ. ಹದಿಮೂರನೆಯ ಶತಮಾನದ ಕಲ್ಲು. ಸಾಲಿನ ಮೇಲೆ ಸಾಲು, ಅಕ್ಷರಕ್ಕೆ ಅಕ್ಷರ ತಾಗಿಸಿ ಕೊರೆದಿದ್ದಾರೆ. ಪದಗಳ ನಡುವೆಯೇ ಜಾಗವಿಲ್ಲ, ಇನ್ನು ವಾಕ್ಯದ ನಂತರ ಎಲ್ಲಿಂದ ಬರಬೇಕು? ಹಲ್ಮಿಡಿಯ ಹದಿನಾರು ಸಾಲುಗಳಿಂದ ಹಿಡಿದು ನಮ್ಮ ಶಾಸನಗಳು ಹೀಗೆಯೇ. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ತಾಲ್ಲೂಕುಗಳ ಶಾಸನಗಳಿವೆ. ಅವುಗಳಲ್ಲಿ ದಾನ, ದತ್ತಿ, ಭೂಮಿ, ಎಲ್ಲೆ, ಅಳತೆ ಇವೇ ಹೆಚ್ಚು. ಅಂದರೆ ಅವೂ ಪತ್ರಗಳೇ, ಬರೆದವರು ಅಪ್ಪನ ಕಸುಬಿನವರೇ. ಪದ್ಯ ಬಂದಲ್ಲಿ ಒಂದು ದಂಡ, ಎರಡು ದಂಡ ಗೀಚಿದ್ದುಂಟು. ಈಗಿನ ಪೂರ್ಣವಿರಾಮ ಅಚ್ಚಿನ ಮನೆಯ ಜೊತೆ ಬಂದು ನೆಲೆಯಾದದ್ದು. ಅದಿಲ್ಲದೆಯೂ ಶತಮಾನಗಳ ಕಾಲ ಇಲ್ಲಿ ಹೊಲಗದ್ದೆಗಳು ಕೈ ಬದಲಿಸಿವೆ.

ಕಿರಿಯರು ಕರಡು ತಂದಾಗ ಕೇಳುತ್ತಾರೆ, ಚುಕ್ಕಿಯ ನಂತರ ಒಂದಾ, ಎರಡಾ ಎಂದು. ಒಂದು ಎನ್ನುತ್ತೇನೆ. ಓದುಗರ ಕಣ್ಣಿಗೆ ಅಷ್ಟು ಸಾಕು. ‘ಟಿ.’ ಒಂದು ಸಾಲಿನ ಕೊನೆಗೆ ಸಿಕ್ಕಿ ‘ನರಸೀಪುರ’ ಮುಂದಿನ ಸಾಲಿಗೆ ಬೀಳದ ಹಾಗೆ ನಡುವೆ ಮುರಿಯದ ಸ್ಪೇಸ್ ಹಾಕುವುದನ್ನೂ ಹೇಳಿಕೊಡುತ್ತೇನೆ. ಆಮೇಲೆ ಅವರ ಒಂದು ಪ್ಯಾರಾ ತೆಗೆದು, ಚುಕ್ಕಿ ಮತ್ತು ಜಾಗಗಳನ್ನೆಲ್ಲ ಅಳಿಸಿ, ಗಟ್ಟಿಯಾಗಿ ಓದಲು ಹೇಳುತ್ತೇನೆ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಸ್ಪೇಸನ್ನಲ್ಲ, ವಾಕ್ಯವನ್ನು ತಿದ್ದಬೇಕು.

ಇದನ್ನು ಬರೆಯುವ ಮೊದಲು ಅತ್ತೆಗೆ ನಿಜ ಹೇಳಬೇಕೆನಿಸಿ ಹೋದ ಭಾನುವಾರ ನಂಜನಗೂಡಿಗೆ ಹೋದೆ. ಕಂಪ್ಯೂಟರ್ ಏನೂ ಮಾಡಿರಲಿಲ್ಲ, ನಾನೇ ಮಾಡಿದ್ದು ಎಂದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡೂ ಥರ ಬರೆದು ತೋರಿಸಿದೆ. ಅತ್ತೆ ಬೆರಳಿಟ್ಟು ಓದಿದರು. ಹೆಬ್ಬೆರಳು, ತೋರುಬೆರಳಿನ ನಡುವೆ ಅಕ್ಕಿಕಾಳಿನಷ್ಟು ಸಂದು ಮಾಡಿ, ‘ಇಷ್ಟು ಜಾಗಕ್ಕಾ?’ ಎಂದರು.

‘ಹೂಂ ಅತ್ತೆ.’

‘ಒಂದೂವರೆ ವರ್ಷ ಮೈದುನ ನನ್ನ ಮುಖ ನೋಡ್ನಿಲ್ಲ ಕಣವ್ವ’ ಎಂದು ಎದ್ದು ಒಳಗೆ ಹೋದರು. ಕಾಫಿಗೆ ನೀರಿಡುವ ಸದ್ದು ಕೇಳಿಸಿತು. ಹೋಗಿ ಪಕ್ಕದಲ್ಲಿ ನಿಂತುಕೊಂಡೆ. ಇಬ್ಬರೂ ಏನೂ ಮಾತಾಡಲಿಲ್ಲ.